ಮೇಲಿನ ಸೊಪ್ಪು, ಒಳಗಿನ ಕೆಮ್ಮು

ಬಿಸಿ ಕಜ್ಜಾಯದ ವಾಸನೆ ಮೂಗಿಗೆ ಬಡಿಯುತ್ತಿದೆ, ನಾನು ತಟ್ಟೆಯನ್ನು ಆಚೆ ತಳ್ಳಿ ಕೂತಿದ್ದೇನೆ. ನಾಳೆ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ. ಪರೀಕ್ಷೆಗೆ ಮೂರು ದಿನ ಮುಂಚೆ ನಾನು ಸನ್ಯಾಸಿಯಾಗುವುದು, ಮುಗಿದ ಸಂಜೆಯೇ ಬೇಕರಿಯ ಮುಂದೆ ನಿಲ್ಲುವುದು ನಮ್ಮ ಬೀದಿಗೇ ಗೊತ್ತು. ನಗಬೇಡಿ, ಇದು ಸೋದರಮಾವನಿಂದ ಬಂದ ಗುಣ.

ಮಾವ ಹನಗೋಡಿನ ಪಕ್ಕದವರು, ಹೊಗೆಸೊಪ್ಪು ಬೆಳೆಯುವವರು. ಸೊಪ್ಪು ಹದಮಾಡಿ, ಬೇಲು ಎಂಬ ದೊಡ್ಡ ಮೂಟೆ ಕಟ್ಟಿ ಹರಾಜಿಗೆ ಒಯ್ಯುವಾಗ ಹೊಂಬಣ್ಣದ ಎಲೆ ಮೇಲೆ, ಕಪ್ಪು ಮಚ್ಚೆಯದು ನಡುವೆ. ಅದು ಅವರ ಕೈಚಳಕ. ಜೊತೆಗೆ ದಿನಕ್ಕೊಂದು ಕಟ್ಟು ಬೀಡಿ. ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಂಟು ಕಂಡಿತು, ಆ ಭಾಗ ತೆಗೆಯುವ ಆಪರೇಷನ್ ಆಯಿತು, ಬೀಡಿ ಬಿಟ್ಟರು. ಗಂಟು ಮತ್ತೆ ಹುಟ್ಟಿದರೆ ಬೇಗ ತಿಳಿಯಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದಿದ್ದರು ಮೈಸೂರಿನ ಡಾಕ್ಟರು.

ಎರಡನೆಯ ಸಲ ಮಾವ, ಅತ್ತೆಯ ಜೊತೆ ನಾನೂ ಹೋದೆ. ಮಾವ ಕ್ಷೌರ ಮಾಡಿಸಿ, ಮಗಳ ಮದುವೆಗೆ ಹೊಲಿಸಿದ ಅಂಗಿ ತೊಟ್ಟಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೆಮ್ಮು. ಆಸ್ಪತ್ರೆಯ ಗೇಟಿನಲ್ಲಿ ಕಲ್ಲುಸಕ್ಕರೆ ಬಾಯಿಗೆ ಬಿತ್ತು, ಕೆಮ್ಮು ಮಾಯ.

"ಹೇಗಿದ್ದೀರಿ?" ಎಂದರು ಡಾಕ್ಟರು.

"ಗುಂಡುಕಲ್ಲು ಇದ್ದಂಗಿವ್ನಿ ಸಾ."

ದೊಡ್ಡವರ ಮಾತು, ನಾನು ಬಾಯಿ ಬಿಡಲಿಲ್ಲ. ಅತ್ತೆ ಬಿಡಬೇಕಲ್ಲ!

"ಅದು ಮೇಲ್ಗಡೆ ಇಕ್ಕಿರೋ ಸೊಪ್ಪು ಸಾ. ಬೇಲಿನ ಒಳಕ್ಕೆ ಕೈ ಆಕಿ ನೋಡಿ. ಅದ್ನೈದು ದಿನದಿಂದ ಕೆಮ್ತಾವ್ರೆ."

"ಸುಮ್ಕಿರಮ್ಮೀ, ಮರ್ವಾದೆ ಕಳೀಬ್ಯಾಡ."

"ಮರ್ವಾದೆ ಕಟ್ಕೊಂಡು ಏನ್ ಮಾಡ್ಲಿ? ನಂಗೆ ನೀವು ಬೇಕು ಕಣ್ರೀ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾಕೆ ಮುಚ್ಚಿಟ್ಟಿರಿ?"

ಮಾವ ನೆಲ ನೋಡುತ್ತಾ ಹೇಳಿದರು: "ಕೆಟ್ಟ ಸುದ್ದಿ ಬಂದ್ರೆ ಇವ್ಳ ಮೊಖ ನೋಡಕ್ಕಾಗಲ್ಲ ಸಾ."

ಸ್ಕ್ಯಾನ್ ಆಯಿತು. ಫಲಿತಾಂಶಕ್ಕೆ ಕಾಯುತ್ತ ಮೂವರೂ ಬೆಂಚಿನ ಮೇಲೆ ಕೂತೆವು. ಮಾವ ಅತ್ತೆಯ ಸೆರಗಿನ ತುದಿ ಹಿಡಿದುಕೊಂಡಿದ್ದರು. ಅದು ಅವರಿಗೇ ಗೊತ್ತಿರಲಿಲ್ಲವೇನೋ. ಗಂಟು ಮರಳಿರಲಿಲ್ಲ. ಎದೆಯಲ್ಲಿ ಸೋಂಕಾಗಿತ್ತು, ಅಷ್ಟೆ. ಆದರೆ ಉಳಿದಿರುವ ಶ್ವಾಸಕೋಶಕ್ಕೆ ಅದೂ ಭಾರವೇ, ಇನ್ನೊಮ್ಮೆ ಮುಚ್ಚಿಟ್ಟರೆ ನೋಡಿ ಎಂದು ಚೆನ್ನಾಗಿ ಗದರಿಸಿ ಡಾಕ್ಟರು ಮಾತ್ರೆ ಬರೆದುಕೊಟ್ಟರು.

ಈಗ ಮಾವ ಕುರ್ಚಿಯಲ್ಲಿ ಕೂರುತ್ತಲೇ, "ಮೊದ್ಲು ಕಪ್ಪು ಸೊಪ್ಪು ತೋರಿಸ್ಬುಡ್ತೀನಿ ಸಾ," ಎಂದು ಶುರು ಮಾಡುತ್ತಾರೆ. ಉಬ್ಬಸ, ಮೊಣಕಾಲು ನೋವು, ಪಕ್ಕದ ಹೊಲದವನ ಮೇಲಿನ ಸಿಟ್ಟು, ಒಂದನ್ನೂ ಬಿಡುವುದಿಲ್ಲ. ಡಾಕ್ಟರಿಗೇ ಸಾಕುಸಾಕಾಗಿದೆಯಂತೆ.

ಕಜ್ಜಾಯ ಆರುತ್ತಿದೆ. ಮಿಕ್ಕ ದಿನಗಳಲ್ಲಿ ಸಂಜೆಯ ಕಾಫಿಗೆ ಏನಾದರೊಂದು ಸಿಹಿ ಬೇಕೇ ಬೇಕು ನನಗೆ. ತಟ್ಟೆ ಎಳೆದುಕೊಂಡು ಇವತ್ತೂ ಒಂದನ್ನು ಬಾಯಿಗಿಟ್ಟೆ. ಹೆಂಡತಿ ಹುಬ್ಬೇರಿಸಿದಳು.

"ನಾಳೆ ಪರೀಕ್ಷೆ ಅಲ್ವೇನ್ರೀ?"

"ಅದಕ್ಕೇ ಕಣೆ, ಕಪ್ಪು ಸೊಪ್ಪೂ ಕಾಣಲಿ," ಎಂದೆ. "ನೀನೂ ಜೊತೆಗೆ ಬಾ."