ಅವ್ವನ ಎದಿಗಂಟು, ಮಾಮಾನ ಶಂಕಿ

ಬೆಳ್ಳಗಿದ್ದದ್ದೆಲ್ಲಾ ಹಾಲು ಅಂತ ನಂಬಾಕಿ ನಾನಲ್ಲ. ಸಂತ್ಯಾಗ ತೂಗೂ ಮುಂದ ತಕ್ಕಡಿ ನೋಡ್ತೇನಿ, ಡಾಕ್ಟರ್ ಮಾತಾಡೂ ಮುಂದ ಅವರ ಕಣ್ಣು ನೋಡ್ತೇನಿ. ಅವ್ವಗ ಶ್ವಾಸಕೋಶದ ಕ್ಯಾನ್ಸರ್ ಅಂದಾಗಂತೂ ಯಾರ ಮ್ಯಾಲೂ ನಂಬಿಕಿ ಉಳೀಲಿಲ್ಲ. ಜನ್ಮದಾಗ ಬೀಡಿ ಮುಟ್ಟದಾಕಿಗೆ ಇದು ಹ್ಯಾಂಗ ಬರ್ತದ?

ಕಲಬುರಗಿ ದವಾಖಾನ್ಯಾಗ ಡಾಕ್ಟರಬಾಯಿ ಅಂದ್ರು, "ಗಂಟಿಂದು ಇನ್ನೊಂದು ತುಣುಕು ತಗದು ಜೀನ್ ಪರೀಕ್ಷೆಗೆ ಹೊರಗ ಕಳಸಬೇಕ್ರಿ. ಅದರಾಗ ಒಂದು ಥರದ ಬದಲಾವಣೆ ಸಿಕ್ರ ಅದಕ್ಕ ತಕ್ಕ ಗುಳಿಗಿ ಅವ. ಕೂದಲ ಉದರಸೂ ಔಷಧ ಸದ್ಯಕ್ಕ ಬೇಕಾಗಂಗಿಲ್ಲ."

ಇದರಾಗ ಏನೋ ಮಸಲತ್ತು ಅದ ಅನಿಸ್ತು. ಒಮ್ಮೆ ಸೂಜಿ ಚುಚ್ಚಿ ತಗದಾರ, ಮತ್ತ್ಯಾಕ? ಅವ್ವನ ತುಣುಕು ಯಾವ ಊರಿಗೆ ಹೋಗ್ತದ? ಅಲ್ಲಿ ಮತ್ತೊಬ್ಬರದರ ಜೋಡಿ ಅದಲಬದಲ ಆದ್ರ? "ಮೊದಲಿಂದು ಈ ಪರೀಕ್ಷೆಗೆ ಸಾಲಂಗಿಲ್ರಿ" ಅಂದ್ರು. ಖರೆ ಇದ್ದೀತು ಅಂತ ಅರ್ಧಾ ಮನಸ್ಸಿಲೆ ಹೂಂ ಅಂದೆ.

ಜೋಡಿ ಬಂದಿದ್ದಾತ ಅಫಜಲಪುರದ ಮಾಮಾ, ಅವ್ವನ ಒಡಹುಟ್ಟಿದ ತಮ್ಮ. ಆತನ ಮಗನಿಗೆ ನನ್ನ ತಗೋಳೂದು ಅಂತ ಸಕ್ರಿ ಹಂಚಿ ಆಗಿತ್ತು. ಅಕ್ಕನ ಮಗಳ ಮ್ಯಾಲ ಹಕ್ಕು ನಂದೇ ಅಂತ ಮೀಸಿ ತಿರುವಿಕೋತ ಹೇಳಿದಾತನೂ ಆತನೇ. ಹೊರಗ ಬಂದು ಮೆಲ್ಲಕ ಕೇಳಿದ, "ಜೀನ್ ಅಂದ್ರ ವಂಶದ್ದಲ್ಲೇನ ಬೇ?" ಬಸ್ಸಿನಾಗ ನಮ್ಮ ಬಾಜೂಕ ಕುಂಡ್ರಲಿಲ್ಲ. ನಮ್ಮೂರು ಸರಸಂಬಾದ ಮನಿಗೆ ಬರೂದು ಬಿಟ್ಟ. ಲಗ್ನದ ಮಾತು ತಗದ್ರ "ಮುಂದ ನೋಡೂಣು" ಅಂದ.

ಆಮ್ಯಾಲ ಅವ್ವ "ನನಗ ಪರೀಕ್ಷೆ ಬ್ಯಾಡ" ಅಂದಳು. "ಸೂಜಿ ಚುಚ್ಚಿದ್ರ ಗಂಟು ಕೆದರ್ತದಂತ." ಚೇಳು ಕಡದ್ರೂ ತೊಗರಿ ಕೊಯ್ಯೂದು ಬಿಡದಾಕಿ ಸೂಜಿಗೆ ಅಂಜ್ತಾಳಂದ್ರ ನಾ ನಂಬ್ತೇನೇನು? "ಯವ್ವಾ, ಖರೆ ಹೇಳು" ಅಂತ ಬೆನ್ನ ಹತ್ತಿದೆ. ಕೆಮ್ಮಿ ಕೆಮ್ಮಿ ಸಾಕಾಗಿ ಬಾಯಿ ಬಿಟ್ಟಳು: "ವಂಶದಾಗ ಅದ ಅಂತ ಬಂದ್ರ ನಿನ್ನ ಲಗ್ನ ಮುರೀತದ. ನಾ ಹ್ಯಾಂಗೂ ಹೋಗಾಕಿ. ನೀ ಬಾಳಬೇಕು."

ಸಿಟ್ಟಿಗೆ ಕಣ್ಣಾಗ ನೀರು ಬಂತು. ನನ್ನ ಲಗ್ನಕ್ಕ ಅವ್ವನ ಜೀವ ಕೊಡೂದೇನು? ಮರುದಿನ ಎಳಕೊಂಡು ಹೋಗಿ ಡಾಕ್ಟರಬಾಯಿ ಮುಂದ ಕುಂಡ್ರಿಸಿ ಕೇಳಿದೆ, "ಇದು ನನಗೂ ಬರ್ತದೇನ್ರಿ? ಮುಚ್ಚಿಡಬ್ಯಾಡ್ರಿ."

"ನಾವು ಹುಡಕೂ ಬದಲಾವಣೆ ಗಂಟಿನಾಗ ಆದದ್ದು, ಹುಟ್ಟತಲೇ ಬಂದದ್ದಲ್ಲ. ತೊಗರಿ ಗಿಡದ ಒಂದು ಟೊಂಗಿ ಕೆಟ್ರ ಬಿತ್ತಿದ ಬೀಜಕ್ಕ ದೋಷ ಹಚ್ಚತೀರೇನು? ವಂಶದಿಂದ ಬರೂದು ಭಾಳ ಅಪರೂಪ."

ಅವ್ವ ನನ್ನ ಕಡೆ ನೋಡಿದಳು. "ನಿಮ್ಮ ಮಾಮಾ ನಂಬಂಗಿಲ್ಲ ಬೇ."

ಅಲ್ಲೇ ಫೋನ್ ಹಚ್ಚಿದೆ. "ಮಾಮಾ, ನೀವಿಬ್ರೂ ಒಂದೇ ಹೊಟ್ಟ್ಯಾಗ ಹುಟ್ಟಿದವರು. ಅವ್ವನ ವಂಶ ಕೆಟ್ಟದ ಅಂದ್ರ ನಿಂದ್ಯಾವುದು?" ಆ ಕಡೆ ಮಾಮಾ ಫೋನ್ ಇಟ್ಟ. ಈ ಕಡೆ ಅವ್ವ ಸೂಜಿಗೆ ಹೂಂ ಅಂದಳು.

ಬದಲಾವಣೆ ಸಿಕ್ತು, ಗುಳಿಗಿ ಸುರು ಆತು. ಬ್ಯಾನಿ ಪೂರಾ ಹೋಗಂಗಿಲ್ಲ, ಹತೋಟ್ಯಾಗ ಇಡಬಹುದು ಅಂದ್ರು. ಅದನ್ನೂ ನಾ ಪೂರಾ ನಂಬಲಿಲ್ಲ. ಆದ್ರ ಕೆಮ್ಮು ತಗ್ಗಿ ಅವ್ವ ಮತ್ತ ರೊಟ್ಟಿ ಬಡಿಯೂ ಸಪ್ಪಳ ಕೇಳಿದ ದಿನ ಬಾಗಿಲ ಹಿಂದ ನಿಂತು ಅತ್ತೆ.

ಆವಾಗ ಬಂದ ಮಾಮಾ. "ಅಕ್ಕಾ, ನಾನೂ ಎದಿ ಸ್ಕ್ಯಾನ್ ಮಾಡಿಸೇನಿ, ಮಗಂದೂ ಮಾಡಿಸೇನಿ. ನಮಗೇನೂ ಇಲ್ಲ. ಲಗ್ನದ ತಾರೀಖು ತಗಸೂಣು." ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗಾತು. ನೀ ಹ್ಯಾಂಗಿದ್ದಿ ಅಂತ ಅಕ್ಕಗ ಒಂದ ಮಾತು ಕೇಳಲಿಲ್ಲ.

ಅವ್ವ ಮ್ಯಾಲ ನೋಡಿ ಕೈ ಮುಗದಳು. "ಸದ್ಯ, ನಿನಗ ಏನೂ ಇಲ್ಲಲ್ಲೋ ತಮ್ಮಾ! ಗುಳಿಗಿ ನುಂಗೂ ಮುಂದ ದಿನಾ ಅದೇ ಬೇಡಿಕೊಳ್ಳಾಕತ್ತಿದ್ದೆ."

"ಈ ಲಗ್ನ ನಾ ಒಲ್ಲೆ" ಅಂದೆ.

ಮಾಮಾ ಅಕ್ಕನ ಮುಖ ನೋಡಿದ. ಅವ್ವ ಚಹಾದ ಕಪ್ಪು ಆತನ ಕಡೆ ಸರಸಿದಳು.

"ಆಕಿ ಒಲ್ಲೆ ಅಂದಾಳಪಾ. ಚಹಾ ಕುಡಿ, ಆರ್ತದ."