ಉಗ್ಗಪ್ಪನ ಮುಡಿ

ಪುತ್ತಿಗೆಯ ಉಗ್ಗಪ್ಪ ಮಳೆಗಾಲದಲ್ಲಿ ಗದ್ದೆ ಉಳುತ್ತಿದ್ದ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳದ ಜೊತೆ ತಿರುಗಿ ಹೆಣ್ಣುವೇಷ ಕಟ್ಟುತ್ತಿದ್ದ. ದುಂಡು ಮುಖ, ಮೆಲುದನಿ. ನಡೆದರೆ ಹೆಂಗಸರೇ ನಾಚಬೇಕು. ಇಷ್ಟೆಲ್ಲ ಕೊಟ್ಟ ದೇವರು ಕೂದಲಿನ ವಿಷಯದಲ್ಲಿ ಮಾತ್ರ ಕೈಕೊಟ್ಟಿದ್ದ. ಎಷ್ಟು ಉದ್ದ ಬಿಟ್ಟರೂ ಅದು ಸುರುಳಿ ಸುತ್ತಿ ಕಿವಿಯ ಹತ್ತಿರವೇ ಕುಳಿತಿರುತ್ತಿತ್ತು. ಹಾಗಾಗಿ ಚೌರಿ ಕಟ್ಟಿಯೇ ಅವನು ದ್ರೌಪದಿಯಾಗುತ್ತಿದ್ದ.

ಆ ವರ್ಷ ಊರ ಗದ್ದೆಯಲ್ಲಿಯೇ ಮೇಳದ ಆಟ. ದುಶ್ಶಾಸನನ ವೇಷ ಉಗ್ಗಪ್ಪನ ಹೆಂಡತಿ ಕಮಲಳ ಅಣ್ಣ ಭುಜಂಗನದು. ಅವನು ದ್ರೌಪದಿಯ ಮುಡಿ ಹಿಡಿದು ಎಳೆದದ್ದೇ ತಡ, ಚೌರಿ ಕಳಚಿ ಕೈಗೆ ಬಂತು. ಜನ ಬಿದ್ದು ಬಿದ್ದು ನಕ್ಕರು. ಕಮಲಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಇನ್ನು ನನಗೆ ಹೆಣ್ಣುವೇಷ ಬೇಡ,” ಎಂದು ಉಗ್ಗಪ್ಪ ಗೆಜ್ಜೆಯನ್ನು ಅಟ್ಟಕ್ಕೆ ಎಸೆದ.

“ಬರುವ ವರ್ಷ ಇದೇ ಗದ್ದೆಯಲ್ಲಿ ನೀವೇ ದ್ರೌಪದಿ. ನಿಮ್ಮದೇ ಕೂದಲಲ್ಲಿ,” ಎಂದಳು ಕಮಲ.

ಮಳೆ ಹಿಡಿಯಿತು. ಕಮಲ ದಾಸವಾಳದ ಸೊಪ್ಪನ್ನು ನೀರಿನಲ್ಲಿ ಹಿಸುಕಿ, ಲೋಳೆಯಂಥ ಗೊಂಪು ಸೋಸಿ ಗಂಡನ ತಲೆ ತೊಳೆಯುತ್ತಿದ್ದಳು. ಆಮೇಲೆ ತೆಂಗಿನ ಹಾಲು ಹಚ್ಚಿ, ಮರದ ಬಾಚಣಿಗೆಯಿಂದ ಒದ್ದೆಯಲ್ಲೇ ಎಳೆ ಎಳೆ ಬಾಚಿ, ಒಣಗುವ ತನಕ ತಲೆ ಒರೆಸುವ ಬೈರಾಸಿನಿಂದ ಬಿಗಿಯಾಗಿ ಕಟ್ಟುತ್ತಿದ್ದಳು. ಬಿಚ್ಚಿದರೆ ಕೂದಲು ನೆಟ್ಟಗೆ ನಡುಬೆನ್ನಿಗೆ ಇಳಿಯುತ್ತಿತ್ತು. ಇಷ್ಟು ಉದ್ದ ಎಲ್ಲಿ ಅಡಗಿತ್ತೋ! ಒಮ್ಮೆ ಮಾತ್ರ ಉಗ್ಗಪ್ಪನಿಗೆ ಅವಸರವಾಯಿತು. ಅಂಗಿಗೆ ಇಸ್ತ್ರಿ ಹಾಕುವ ಹಾಗೆ ತಂಬಿಗೆಗೆ ಕೆಂಡ ತುಂಬಿ ಕೂದಲ ಮೇಲೆ ಎಳೆದುಕೊಂಡ. ಮನೆಯೆಲ್ಲ ಸುಟ್ಟ ನಾತ. ಕರಟಿದ ತುದಿಯನ್ನು ಕತ್ತರಿಸುವಾಗ ಕಮಲ ಬೈದ ಬೈಗುಳ ಆಚೆ ಮನೆಗೂ ಕೇಳಿತು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಮೈ ಬೆವರಿದರೆ ಕೂದಲು ಮತ್ತೆ ಸುರುಳಿ ಸುತ್ತುತ್ತಿತ್ತು. ದ್ರೌಪದಿ ರಂಗಕ್ಕೆ ಬರುವುದು ಬೆಳಗಿನ ಜಾವಕ್ಕೆ. ಅದಕ್ಕಿಂತ ಸ್ವಲ್ಪ ಮೊದಲೇ ಬಾಚಿ ಕಟ್ಟಬೇಕು. ವೇಷ ಕಟ್ಟುವ ಚೌಕಿಗೆ ಹೆಂಗಸರು ಹೋಗುವ ಹಾಗಿಲ್ಲ. ಕಮಲ ಅಣ್ಣನಿಗೆ ಹೇಳಿ ಕಳಿಸಿದಳು.

“ಎಂತ ಕಮಲ, ದುಶ್ಶಾಸನ ದ್ರೌಪದಿಗೆ ತಲೆ ಬಾಚುವುದುಂಟಾ?” ಎಂದು ಭುಜಂಗ ಬಂದವನೇ ನಕ್ಕ.

“ಎಳೆಯಲಿಕ್ಕೆ ನೀನೇ ಅಲ್ವಾ ಅಣ್ಣ? ಬಾಚಲಿಕ್ಕೂ ನೀನೇ ಆಗಬೇಕು.”

ಭುಜಂಗ ನಗು ನಿಲ್ಲಿಸಿದ. ಭಾವನ ಮಾನ ತನ್ನ ಕೈಯಲ್ಲೇ ಹೋದದ್ದು ಅವನಿಗೂ ಚುಚ್ಚುತ್ತಿತ್ತು. ಜಗಲಿಯಲ್ಲಿ ಕುಳಿತು, ನೇಗಿಲು ಹಿಡಿದು ದಡ್ಡುಗಟ್ಟಿದ ಬೆರಳಿನಲ್ಲಿ ಬಾಚುವುದನ್ನು ಕಲಿತ. “ಬುಡದಿಂದ ಎಳೆಯಬೇಡ, ತುದಿಯಿಂದ ಬಿಡಿಸು,” ಎಂದು ಕಮಲ ಮತ್ತೆ ಮತ್ತೆ ಹೇಳಿದಳು.

ಮರುವರ್ಷ ಅದೇ ಗದ್ದೆ, ಅದೇ ಪ್ರಸಂಗ. ಹಿಂದಿನ ವರ್ಷ ನಕ್ಕವರೆಲ್ಲ ಮುಂದೆಯೇ ಜಾಗ ಹಿಡಿದಿದ್ದರು. ಪೂರ್ವದಲ್ಲಿ ಬೆಳಕು ಹರಿಯುವಾಗ ದುಶ್ಶಾಸನ ಅಬ್ಬರಿಸಿ ದ್ರೌಪದಿಯ ಮುಡಿಗೆ ಕೈ ಹಾಕಿದ. ಮುಡಿ ಬಿಚ್ಚಿತು. ಕೂದಲು ಬೆನ್ನ ಮೇಲೆ ನೆಟ್ಟಗೆ, ನುಣ್ಣಗೆ ಇಳಿಯಿತು. ತಾನೇ ಚೌಕಿಯಲ್ಲಿ ಬಾಚಿದ ಆ ಕೂದಲ ಮೇಲೆ ದುಶ್ಶಾಸನನ ಕೈ ಒಂದು ಕ್ಷಣ ತಡೆಯಿತು. ಕಮಲ ಮನಸ್ಸಿನಲ್ಲೇ ಅಂದಳು: ಎಳೆ ಅಣ್ಣ, ಎಳೆದುಬಿಡು.

ಭುಜಂಗ ಎಳೆದ. ಕೂದಲು ಕಳಚಲಿಲ್ಲ, ಉಗ್ಗಪ್ಪನ ನಿಜವಾದ ನೋವು ದ್ರೌಪದಿಯ ಕೂಗಾಗಿ ಗದ್ದೆಯ ತುಂಬ ಕೇಳಿತು. ಯಾರೂ ನಗಲಿಲ್ಲ. ಕಮಲಳ ಪಕ್ಕ ಕುಳಿತಿದ್ದ ನೆರೆಮನೆಯ ಅಕ್ಕು ಬಿಕ್ಕಿ ಬಿಕ್ಕಿ ಅಳುತ್ತ ಶಪಿಸಿದಳು: “ಇವನ ಕೈ ಮುರಿದು ಹೋಗಲಿ! ಒಬ್ಬ ತಂಗಿಯಾದರೂ ಇಲ್ವಾ ಇವನಿಗೆ?”

“ಇದ್ದಾಳೆ ಮಾರಾಯ್ತಿ, ಇಲ್ಲೇ ಕೂತಿದ್ದಾಳೆ,” ಎಂದು ಕಮಲ ಕಣ್ಣೊರೆಸಿಕೊಂಡಳು.