ಮಂಡಕ್ಕಿ ತಿನ್ನದ ಮೀನು

ಆಗ ನನಗೆ ವಾರದಲ್ಲಿ ಇದ್ದದ್ದು ಒಂದೇ ದಿನ, ಶನಿವಾರ. ಉಳಿದ ಆರು ದಿನ ಅದಕ್ಕೆ ಹೋಗುವ ದಾರಿ. ಅಪ್ಪ ತೀರಿಕೊಂಡ ಮೇಲೆ ಅನುಕಂಪದ ನೌಕರಿ ಅವ್ವನಿಗೆ ಸಿಕ್ಕಿತ್ತು, ಹಾಕಿದ್ದು ಜಗಳೂರಿಗೆ. ಅಲ್ಲಿ ಮನೆ ಮಾಡಿ ಕರೆಸಿಕೊಳ್ಳುವ ತನಕ ನಾನು ಚನ್ನಗಿರಿಯಲ್ಲೇ ಅಪ್ಪನ ತಾಯಿಯ ಹತ್ತಿರ ಉಳಿದೆ. ಐದನೇ ಕ್ಲಾಸು. ಅವ್ವ ಶನಿವಾರ ಬಂದು ಭಾನುವಾರ ಹೋಗುತ್ತಿದ್ದಳು. ನಿಮ್ಮಲ್ಲಿಯೂ ಯಾರಾದರೂ ಬಸ್‌ಸ್ಟ್ಯಾಂಡಿನ ಕಡೆ ಕಿವಿಯಿಟ್ಟು ಬೆಳೆದಿದ್ದರೆ, ಹಾರ್ನಿನ ದನಿಯಲ್ಲೇ ದಾವಣಗೆರೆ ಬಸ್ಸು ಯಾವುದು, ಶಿವಮೊಗ್ಗದ್ದು ಯಾವುದು ಅಂತ ತಿಳಿಯುವುದು ಕಷ್ಟವಲ್ಲ ಅನ್ನುವುದು ಗೊತ್ತಿರುತ್ತದೆ.

ಒಂದು ಶನಿವಾರ ಅವ್ವ ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಎರಡು ಮೀನುಮರಿ ತಂದಳು. ಬೆರಳ ಗೆಣ್ಣಿನಷ್ಟು ಉದ್ದ, ಕಪ್ಪು ಮೈ ಮೇಲೆ ಕೆಂಡದ ಬಣ್ಣದ ಗೆರೆ. ಗಾಳಿ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲವನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳು. ಕಾಲಬುಡದಲ್ಲಿ ಪುಟ್ಟ ಗಾಜಿನ ತೊಟ್ಟಿ.

“ಆಸ್ಕರ್ ಅಂತಾರೆ ಇದಕ್ಕೆ. ದೊಡ್ಡವಾದ್ರೆ ಮನೆಯವರ ಗುರುತು ಹಿಡಿತಾವಂತೆ. ನೀ ಹತ್ರ ಹೋದ್ರೆ ಓಡಿ ಬರ್ತಾವಂತೆ,” ಅಂದಳು. ಆಮೇಲೆ ನನ್ನ ಮುಖ ನೋಡದೆ, “ನಾನಿಲ್ದಾಗ ನಿಂಗೆ ಜೊತೆ,” ಅಂದಳು.

ಭಾನುವಾರ ಮಧ್ಯಾಹ್ನ ಅವ್ವ ಹೋದಳು. ಮೀನುಗಳು ತೊಟ್ಟಿಯ ಮೂಲೆ ಸೇರಿ ಒಂದು ಮಗ್ಗುಲಾಗಿ ಮಲಗಿದವು. ಅಂಗಡಿಯವನು ಕೊಟ್ಟ ಕೆಂಪು ಕಾಳು ಹಾಕಿದರೆ ಒಂದು ಬಾಯಿಗೆ ತೆಗೆದುಕೊಂಡು ಉಗುಳಿತು, ಇನ್ನೊಂದು ತಿರುಗಿಯೂ ನೋಡಲಿಲ್ಲ.

“ಬಿಡೇ, ನಂಗೊತ್ತು ಇವಕ್ಕೇನು ಬೇಕಂತ,” ಅಂದಳು ಅಜ್ಜಿ. ಲಿಂಗಪೂಜೆ ಮುಗಿಸಿ ಒಂದು ಹಿಡಿ ಮಂಡಕ್ಕಿ ತಂದಳು. ಅವಳು ಕಂಡ ಮೀನೆಲ್ಲ ದೇವಸ್ಥಾನದ ಹೊಂಡದವು. ಮಂಡಕ್ಕಿ ಎರಚಿದರೆ ಒಂದರ ಮೇಲೊಂದು ಬಿದ್ದು ತಿನ್ನುವಂಥವು. ಇವು ಅಲುಗಲಿಲ್ಲ. ಮಂಡಕ್ಕಿ ಉಬ್ಬಿ, ಒಡೆದು, ಸಂಜೆಯ ಹೊತ್ತಿಗೆ ನೀರು ಗಂಜಿಯಂತಾಯಿತು.

“ಸಿರಿವಂತ್ರ ಮನೆ ಮೀನಿರ್ಬೇಕು ಕಣೆ. ಮೂಸಾಕೂ ಬರಲ್ಲ,” ಅಂತ ಅಜ್ಜಿ ನೀರು ಬದಲಿಸಿದಳು. ಉಳಿದ ಮಂಡಕ್ಕಿಗೆ ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಒಗ್ಗರಣೆ ಕೊಟ್ಟು ನನ್ನ ಮುಂದಿಟ್ಟಳು. ಆ ಘಾಟು ಮನೆಯೆಲ್ಲ ತುಂಬಿದರೂ ನಾನು ತಟ್ಟೆಯನ್ನು ಅತ್ತ ಸರಿಸಿದೆ.

ಸಂಜೆ ಏಳಕ್ಕೆ ಅವ್ವನ ಫೋನು.

“ಮೀನು ತಿಂದ್ವೇನೇ?”

“ತಿಂದ್ವು.”

ಯಾಕೆ ಹಾಗಂದೆ ಅಂದರೆ, ಹಿಂದೊಮ್ಮೆ ಫೋನಿನಲ್ಲಿ ಅತ್ತುಬಿಟ್ಟಿದ್ದೆ. ಆ ಶನಿವಾರ ಬಂದಾಗ ಅವ್ವನ ಕಣ್ಣು ಬಾತಿದ್ದವು. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲ ಚೆನ್ನಾಗಿತ್ತು, ಎಲ್ಲರೂ ತಿನ್ನುತ್ತಿದ್ದರು.

ಮುಂದಿನ ಶನಿವಾರ ಚುನಾವಣೆ ಕೆಲಸವಂತ ಅವ್ವ ಬರಲಿಲ್ಲ. ಅನ್ನದ ಅಗುಳು, ಚಪಾತಿ ಚೂರು, ನೆನೆಸಿದ ಕಡಲೆ, ಅಜ್ಜಿ ಒಂದನ್ನೂ ಬಿಡಲಿಲ್ಲ. ಮಂಗಳವಾರ ಸ್ಕೂಲಿನಿಂದ ಬಂದಾಗ ಒಂದು ಮೀನು ಮೇಲೆ ತೇಲುತ್ತಿತ್ತು. ದಾಸವಾಳದ ಬುಡದಲ್ಲಿ ಅಜ್ಜಿಯೇ ಮಣ್ಣು ಮಾಡಿ, ಮೇಲೆ ಒಂದು ಚಿಟಿಕೆ ವಿಭೂತಿ ಉದುರಿಸಿದಳು. ಅಪ್ಪನಿಗೂ ಅವಳೇ ವಿಭೂತಿ ಹಚ್ಚಿದ್ದು. ಸಂಜೆ ಅವ್ವ ಕೇಳಿದಳು. “ಎರಡೂ ತಿಂದ್ವು,” ಅಂದೆ. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

ಎದುರು ಮನೆ ರತ್ನಕ್ಕ ತಾಲ್ಲೂಕು ಆಫೀಸಿನಲ್ಲಿ ಕೆಲಸಕ್ಕಿದ್ದವರು. ಅವರ ನಡುಮನೆಯಲ್ಲಿ ಬುದ್ಧನ ಪಟ, ಭಾನುವಾರ ಮಾಂಸದ ಸಾರಿನ ವಾಸನೆ. ಅಜ್ಜಿ ಅವರೊಂದಿಗೆ ರಸ್ತೆಯಲ್ಲಿ ನಿಂತು ಎಷ್ಟು ಹೊತ್ತು ಬೇಕಾದರೂ ಮಾತಾಡುವಳು, ಹೊಸ್ತಿಲು ಮಾತ್ರ ದಾಟಿದವಳಲ್ಲ. ಬುಧವಾರ ನಮ್ಮ ಕಿಟಕಿಯಿಂದ ತೊಟ್ಟಿ ನೋಡಿ ರತ್ನಕ್ಕ ಅಂದರು:

“ಇದು ಬೇಟೆ ಮೀನು ಅಜ್ಜಿ. ಜೀವ ಇರೋದು ಅಲ್ಲಾಡಿದ್ರೇ ಬಾಯಿ ತೆಗಿಯೋದು. ಎರೆಹುಳ ಹಾಕ್ರಿ.”

“ಲಿಂಗ ಇರೋ ಮನ್ಯಾಗೆ ಹುಳ ಕೊಂದು ಹಾಕಂತೀಯಾ ರತ್ನವ್ವ?”

“ಹಂಗಾದ್ರೆ ಅದಕ್ಕೂ ಒಂದು ಲಿಂಗ ಕಟ್ರಿ. ಉಪವಾಸ ಹೆಂಗೂ ಮಾಡ್ತೈತೆ,” ಅಂತ ನಕ್ಕು ಹೋದರು.

ಗುರುವಾರ ಸ್ಕೂಲು ಬಿಟ್ಟು ಬಂದರೆ ಅಜ್ಜಿ ತೊಟ್ಟಿಯ ಮುಂದೆ ಕೂತಿದ್ದಳು. ಕೈಯಲ್ಲಿ ದಾರ, ದಾರದ ತುದಿಗೆ ಬೇಯಿಸಿದ ಶ್ಯಾವಿಗೆಯ ಒಂದು ಎಳೆ. ನೀರಲ್ಲಿ ಇಳಿಬಿಟ್ಟು ಸಣ್ಣಗೆ ಅಲ್ಲಾಡಿಸುತ್ತಿದ್ದಳು, ಥೇಟ್ ಹುಳವೇ ಹರಿದಂತೆ.

“ಅಲ್ಲಾಡ್ಬೇಕಂತಲ್ಲ, ಅಲ್ಲಾಡ್ಸಾಕೆ ನಾನಿಲ್ವಾ,” ಅಂದಳು. ಮಧ್ಯಾಹ್ನ ಉಂಡವಳೇ ಕೂತಿದ್ದಳಂತೆ. ಮೀನು ಎದ್ದಿತು. ಎರಡು ವಾರದಲ್ಲಿ ಮೊದಲ ಸಲ ನೆಟ್ಟಗೆ ಈಜಿ ಬಂದು ಶ್ಯಾವಿಗೆಯನ್ನು ಗಬಕ್ಕನೆ ಹಿಡಿಯಿತು. ಅಜ್ಜಿ ನನ್ನ ಕೈ ಹಿಚುಕಿದಳು. ಮರುಗಳಿಗೆ ಮೀನು ಅದನ್ನು ಉಗುಳಿತು. ಮತ್ತೆ ಹಿಡಿಯಿತು, ಮತ್ತೆ ಉಗುಳಿತು. ದೀಪ ಹಚ್ಚುವ ಹೊತ್ತಿಗೆ ಅದು ಎದ್ದು ಬರುವುದನ್ನೂ ಬಿಟ್ಟಿತು. ಅಜ್ಜಿ ಮಣಿಕಟ್ಟು ನೀವಿಕೊಳ್ಳುತ್ತಾ, “ಮೋಸ ಅಂತ ಗೊತ್ತಾತು ಅದಕ್ಕೆ,” ಅಂದಳು.

ಶುಕ್ರವಾರ ಬೆಳಿಗ್ಗೆ ಅವಳೇ ತೊಟ್ಟಿ ಎತ್ತಿದಳು. “ನಡಿ. ಅವರ ಮನ್ಯಾಗಾದ್ರೂ ಬದುಕ್ಲಿ.”

“ನನ್ ಮೀನು ಅಜ್ಜಿ.”

“ನಿಂದೇ. ಇಲ್ಲಿದ್ರೆ ನಾಳೆ ಯಾರ್ದೂ ಅಲ್ಲ.”

ರತ್ನಕ್ಕನ ಮನೆ ಬಾಗಿಲಲ್ಲಿ ತೊಟ್ಟಿಯನ್ನು ನನ್ನ ಕೈಗೆ ಕೊಟ್ಟು ಅಜ್ಜಿ ಹೊರಗೇ ನಿಂತಳು. ಬಚ್ಚಲ ಹಿಂದಿನ ಹಸಿಮಣ್ಣು ಕೆದಕಿ ರತ್ನಕ್ಕ ಒಂದು ಎಳೆಯ ಹುಳ ತಂದು ನೀರಿಗೆ ಬಿಟ್ಟರು. ಅದು ತಳ ಮುಟ್ಟಲಿಲ್ಲ.

“ತಿಂತಾ?” ಅಂತ ಹೊರಗಿನಿಂದ ಅಜ್ಜಿ ಕೇಳಿದಳು.

“ತಿಂತು,” ಅಂದೆ. ಆ ಹದಿನೈದು ದಿನಗಳಲ್ಲಿ ನಾನು ಆಡಿದ ಮೊದಲ ನಿಜ ಅದು. ಖುಷಿಯೂ ಆಯಿತು. ಮನೆಗೆ ಬಂದು ಕಿಟಕಿಯಲ್ಲಿ ತೊಟ್ಟಿ ಇದ್ದ ಜಾಗ ನೋಡಿದ ಮೇಲೆ ಆ ಖುಷಿ ಎಲ್ಲಿ ಹೋಯಿತೋ.

ಶನಿವಾರ ಅವ್ವ ಬಂದವಳೇ, “ಮೀನೆಲ್ಲಿ?” ಅಂದಳು.

“ರತ್ನಕ್ಕನ ಮನ್ಯಾಗೆ. ಅಲ್ಲಿ ಚೆನ್ನಾಗಿ ತಿಂತಾವೆ.”

“ಎರಡೂ?”

“ಎರಡೂ.”

ಬ್ಯಾಗು ಇಳಿಸಿ, ಮುಖವೂ ತೊಳೆಯದೆ ಅವ್ವ ರಸ್ತೆ ದಾಟಿದಳು. ನಾನು ಹಿಂದೆ. ತೊಟ್ಟಿಗೆ ರತ್ನಕ್ಕ ಒಂದು ದೊಡ್ಡ ಕಲ್ಲು ಹಾಕಿದ್ದರು. ಅವ್ವ ಬಗ್ಗಿ ನೋಡಿ, “ಒಂದೇ ಐತಲ್ಲೇ,” ಅಂದಳು.

“ಇನ್ನೊಂದು ಭಾಳ ನಾಚಿಕೇದು ಕಣೆ ಗೌರಿ. ಆ ಕಲ್ಲಿನ ಹಿಂದೆ ಸೇರ್ಕಂಡ್ರೆ ಹೊರಗೇ ಬರಲ್ಲ.”

ತಿರುಗಿದರೆ, ಅವ್ವನನ್ನು ಹೆಸರು ಹಿಡಿದು ಕರೆದ ಅಜ್ಜಿ. ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು, ನಡುಮನೆಯ ಒಳಗೆ, ನಮ್ಮ ಬೆನ್ನಿಗೇ ನಿಂತಿದ್ದಳು. ರತ್ನಕ್ಕ ಅವಳನ್ನು ನೋಡಿದರು, ನನ್ನನ್ನು ನೋಡಿದರು. “ಹೂಂ, ಯಾರೂ ಇಲ್ದಾಗ ಬರ್ತೈತೆ,” ಅಂದು ಅಜ್ಜಿಗೆ ಕುರ್ಚಿ ಎಳೆದರು. ಅಜ್ಜಿ ಕೂತಳು.

“ಇವಳ ಹಂಗೇ ಅನ್ನು,” ಅಂತ ಅವ್ವ ನನ್ನ ಕೆನ್ನೆ ಹಿಂಡಿ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆ ಮೀನು ಅಂಗೈ ಅಗಲ ಬೆಳೆಯಿತು. ರತ್ನಕ್ಕನ ನೆರಳು ಕಂಡರೆ ಗಾಜಿಗೆ ಮೂತಿ ತಾಗಿಸುತ್ತಿತ್ತು. ನಾನು ಹೋದರೆ ಕಲ್ಲಿನ ಹಿಂದೆ ಸರಿಯುತ್ತಿತ್ತು. ಮರುವರ್ಷ ರತ್ನಕ್ಕನಿಗೆ ವರ್ಗವಾಯಿತು, ಮೀನೂ ಹೋಯಿತು. ನಾನೂ ಜಗಳೂರಿಗೆ ಹೋದೆ. ಅಜ್ಜಿ ತೀರಿಕೊಂಡು ಈಗ ಬಹಳ ವರ್ಷವಾಯಿತು.

ಅವ್ವ ನನ್ನ ಜೊತೆಗೇ ಇದ್ದಾಳೆ. ಮನೆಗೆ ಯಾರಾದರೂ ಬಂದರೆ ಇವತ್ತಿಗೂ ಹೇಳುತ್ತಾಳೆ: “ಇವಳಿಗಂತ ಎರಡು ಮೀನು ತಂದಿದ್ದೆ. ಎರಡನ್ನೂ ಎದುರು ಮನೇಗೆ ಕೊಟ್ಬಿಟ್ಳು, ಧಾರಾಳಿ.” ಬಂದವರು ನಗುತ್ತಾರೆ. “ಹೂಂ, ಎರಡೂ,” ಅನ್ನುತ್ತೇನೆ. ಹಾಗಂದಾಗ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡುವವರು ಈಗ ಯಾರೂ ಇಲ್ಲ.